ಫಾಲ್ಗುಣದ ಹವೆ ಮತ್ತು ನಮ್ಮ ಕಾವ್ಯದ ವಸಂತ

ಯುಗಾದಿ ಹತ್ತಿರ ಬಂತೆಂದರೆ ಹೊರನಾಡಿನ ಕನ್ನಡ ಸಂಘಗಳ ಪತ್ರಿಕೆಗಳಲ್ಲಿ ವಸಂತನ ಆಗಮನವಾಗುತ್ತದೆ. ಪುಣೆಯಿರಲಿ, ಮುಂಬಯಿಯಿರಲಿ, ದಿಲ್ಲಿಯಿರಲಿ, ವಿಶೇಷಾಂಕದ ಮೊದಲ ಪುಟಗಳಲ್ಲಿ ಒಂದು ಮಾಮರ, ಅದರ ಮೇಲೊಂದು ಕೋಗಿಲೆ, ಸುತ್ತ ಸುಳಿಯುವ ತಂಗಾಳಿ, ದೂರದಲ್ಲೊಂದು ತವರೂರು ಇದ್ದೇ ಇರುತ್ತವೆ. ಇಂಥ ಕವಿತೆಗಳನ್ನು ಹಗುರವಾಗಿ ಕಾಣುವ ಉದ್ದೇಶ ನಮಗಿಲ್ಲ. ಹಗಲೆಲ್ಲ ಕಾರ್ಖಾನೆಯಲ್ಲೋ ಕಚೇರಿಯಲ್ಲೋ ದುಡಿದು, ರಾತ್ರಿ ಕುಳಿತು ಕನ್ನಡದಲ್ಲಿ ನಾಲ್ಕು ಸಾಲು ಬರೆಯುವವರ ಶ್ರದ್ಧೆ ದೊಡ್ಡದು. ಆದರೂ ಹತ್ತು ಊರುಗಳಿಂದ ಬಂದವರ ಹತ್ತು ಕವಿತೆಗಳಲ್ಲಿ ಹವೆ ಮಾತ್ರ ಒಂದೇ ಆಗಿರುವುದನ್ನು ಕಂಡಾಗ ಪ್ರಶ್ನೆಯೊಂದು ಏಳುತ್ತದೆ. ಬೀದರದವರ ವಸಂತ, ಬೆಳಗಾವಿಯವರ ವಸಂತ, ಕಾರ್ಕಳದವರ ವಸಂತ ಒಂದೇ ಆಗಿರಲು ಸಾಧ್ಯವೆ? ಸಾಧ್ಯವಿಲ್ಲವಾದರೆ ಈ ಕವಿತೆಗಳಲ್ಲಿ ಬೀಸುತ್ತಿರುವುದು ಯಾವ ಊರಿನ ಗಾಳಿ?

ಉತ್ತರಕ್ಕಾಗಿ ಬಹಳ ಹುಡುಕಬೇಕಾಗಿಲ್ಲ. ನಮ್ಮ ಕಾವ್ಯದೊಳಕ್ಕೆ ವಸಂತ ಎರಡು ಬಾಗಿಲುಗಳಿಂದ ಬಂದಿದೆ. ಮೊದಲನೆಯದು ಸಂಸ್ಕೃತದ ಹೆಬ್ಬಾಗಿಲು. ಮಹಾಕಾವ್ಯವೆಂದ ಮೇಲೆ ಅಷ್ಟಾದಶ ವರ್ಣನೆಗಳು ಬೇಕು, ಅವುಗಳಲ್ಲಿ ಋತುವರ್ಣನೆ ಬೇಕೇ ಬೇಕು ಎಂದು ಅಲಂಕಾರಶಾಸ್ತ್ರ ವಿಧಿಸಿತು. ಕಾಳಿದಾಸನ 'ಋತುಸಂಹಾರ' ಗ್ರೀಷ್ಮದಿಂದ ಹೊರಟು ಆರನೆಯ ಸರ್ಗದಲ್ಲಿ ವಸಂತಕ್ಕೆ ಬಂದು ಮುಗಿಯುತ್ತದೆ. ಮಲಯಮಾರುತ, ಮಾವಿನ ಚಿಗುರು, ಕೋಗಿಲೆ, ದುಂಬಿ, ಮನ್ಮಥನ ಬಾಣ, ವಿರಹಿಗಳ ನಿಟ್ಟುಸಿರು ಇವೆಲ್ಲ ಕವಿಸಮಯಗಳಾಗಿ ಕನ್ನಡಕ್ಕೂ ಇಳಿದವು. ಶಾಸ್ತ್ರದ ಲೆಕ್ಕದಲ್ಲಿ ಚೈತ್ರ ವೈಶಾಖಗಳೆರಡೂ ವಸಂತವೇ. ವೈಶಾಖದಲ್ಲಿ ಕಲಬುರ್ಗಿಯ ಬೀದಿಯಲ್ಲಿ ನಡುಹಗಲು ನಡೆದವರು ಆ ಲೆಕ್ಕವನ್ನು ಒಪ್ಪುವುದು ಕಷ್ಟ!

ಎರಡನೆಯದು ಇಂಗ್ಲಿಷಿನ ಬಾಗಿಲು. ಬಿ. ಎಂ. ಶ್ರೀಕಂಠಯ್ಯನವರ 'ಇಂಗ್ಲಿಷ್ ಗೀತಗಳು' 1926ರಲ್ಲಿ ಹೊರಬಂತು. ಅದರಲ್ಲಿನ ವಸಂತದ ಹಾಡನ್ನು ಬಾಯಿಪಾಠ ಮಾಡದ ಕನ್ನಡ ಶಾಲೆಯ ಮಕ್ಕಳು ಒಂದು ಕಾಲಕ್ಕೆ ಅಪರೂಪ. ಅದರ ಮೂಲ 16ನೆಯ ಶತಮಾನದ ಥಾಮಸ್ ನ್ಯಾಶ್ ಎಂಬ ಇಂಗ್ಲಿಷ್ ಕವಿಯದು. ಹೊಸ ಛಂದಸ್ಸಿಗೆ, ಹೊಸ ಲಯಕ್ಕೆ ಆ ಪುಸ್ತಕ ದಾರಿ ತೆರೆಯಿತು. ಆ ಋಣವನ್ನು ಕನ್ನಡ ಎಂದೂ ಮರೆಯಲಾರದು. ಆದರೆ ನ್ಯಾಶನ ವಸಂತದ ಹಿರಿಮೆ ಇರುವುದು ಅದು ಚಳಿಯನ್ನು ಓಡಿಸುತ್ತದೆ ಎಂಬಲ್ಲಿ. ಆರು ತಿಂಗಳು ಬೆಂಕಿಯ ಮುಂದೆ ಮುದುಡಿ ಕುಳಿತ ದೇಶಕ್ಕೆ ಆ ಬಿಸಿಲು ವರ. ನಮ್ಮಲ್ಲಿ ಚಳಿ ಹೋಯಿತೆಂದರೆ ಅದರ ಹಿಂದೆಯೇ ಬೇಸಿಗೆ ಬಂದು ನಿಂತಿರುತ್ತದೆ. ಶಿವರಾತ್ರಿಗೆ ಚಳಿ 'ಶಿವ ಶಿವಾ' ಎಂದು ಓಡುತ್ತದೆ ಎನ್ನುವ ನಮ್ಮ ಹಿರಿಯರ ಮಾತಿನಲ್ಲಿ ನಗುವಿನ ಜೊತೆಗೆ ಮುಂದಿನ ಮೂರು ತಿಂಗಳ ಎಚ್ಚರವೂ ಇದೆ.

ಇನ್ನು ನಿಜವಾದ ಹವೆಯನ್ನು ನೋಡೋಣ. ಧಾರವಾಡವನ್ನೇ ತೆಗೆದುಕೊಳ್ಳಬಹುದು. ಆ ಊರಿನ ಪಡುವಣಕ್ಕೆ ಮಲೆನಾಡಿನ ಸೆರಗು, ಮೂಡಣಕ್ಕೆ ಎರೆಭೂಮಿಯ ಬಯಲುಸೀಮೆ. ಎರಡು ಸೀಮೆಗಳ ಗಾಳಿಗಳು ಅಲ್ಲಿ ಕೈಕೈ ಮಿಲಾಯಿಸುತ್ತವೆ. ಹೋಳಿ ಹುಣ್ಣಿಮೆಯ ಆಚೀಚೆಯ ಒಂದು ವಾರ ಹೇಗಿರುತ್ತದೆಂಬುದನ್ನು ಅಲ್ಲಿ ಬೆಳೆದವರು ಬಲ್ಲರು. ಮೊದಲೆರಡು ದಿನ ಬೆಳಗಿನ ಜಾವ ಕೌದಿ ಬಿಡಲು ಮನಸ್ಸಾಗದಷ್ಟು ಚಳಿ, ಹತ್ತು ಗಂಟೆಯ ಹೊತ್ತಿಗೆ ಚುರುಗುಟ್ಟುವ ಬಿಸಿಲು. ಮೂರನೆಯ ದಿನ ಗಾಳಿ ದಿಕ್ಕು ಬದಲಿಸುತ್ತದೆ. ನಾಲ್ಕನೆಯ ದಿನ ಮೋಡ ಮುಸುಕಿ ಮೈಯೆಲ್ಲ ಜಿಗುಟು. ಐದನೆಯ ದಿನ ಸಂಜೆಗೆ ಧೂಳೆದ್ದು, ಕಿಟಕಿ ಬಾಗಿಲು ಬಡಿದಾಡಿ, ಗುಡುಗಿನ ಹಿಂದೆ ದಪ್ಪ ದಪ್ಪ ಹನಿ, ಒಮ್ಮೊಮ್ಮೆ ಆಣೆಕಲ್ಲು. ಆರನೆಯ ದಿನ ಮತ್ತೆ ತಂಪು. ಏಳನೆಯ ದಿನ ಏನೂ ಆಗಿಯೇ ಇಲ್ಲವೆಂಬಂತೆ ಕೆಂಡದ ಬಿಸಿಲು. ಅಂಗಳದಲ್ಲಿ ಹಪ್ಪಳ, ಸಂಡಿಗೆ, ಶಾವಿಗೆ ಒಣಹಾಕಿದ ಮನೆಯಾಕೆಯನ್ನು ಕೇಳಿರಿ, ಈ ಋತುರಾಜನ ಮಾತನ್ನು ಎಷ್ಟು ನಂಬಬಹುದೆಂದು ಅವರು ಹೇಳುತ್ತಾರೆ.

ನಮ್ಮ ಪುಣೆಯೂ ಈ ವಿಷಯದಲ್ಲಿ ಹಿಂದಿಲ್ಲ. ಹೊತ್ತಲ್ಲದ ಹೊತ್ತಿನ ಮಳೆಗೆ ಇಲ್ಲಿನವರು 'ಅವಕಾಳಿ' ಎನ್ನುತ್ತಾರೆ, ನಮ್ಮ ಉತ್ತರ ಕರ್ನಾಟಕದವರು 'ಅಡ್ಡಮಳೆ' ಎನ್ನುತ್ತಾರೆ. ಶಿವಾಜಿನಗರದ 'ಸಿಮ್ಲಾ ಆಫೀಸ್' ಚೌಕದಲ್ಲಿ ದಿನವೂ ಬಸ್ಸಿಗೆ ಕಾಯುವ ನಮ್ಮವರಿಗೆ ಆ ಹೆಸರಿನ ಹಿನ್ನೆಲೆ ಗೊತ್ತಿರಬೇಕು: ಭಾರತದ ಹವಾಮಾನ ಇಲಾಖೆಯ ಕೇಂದ್ರ ಕಚೇರಿ 1928ರಲ್ಲಿ ಸಿಮ್ಲಾದಿಂದ ಇಲ್ಲಿಗೆ ಬಂದು, 1944ರಲ್ಲಿ ದಿಲ್ಲಿಗೆ ಹೋಗುವವರೆಗೆ ಇಲ್ಲಿಯೇ ಇತ್ತು. ಚಂಚಲ ಹವೆಯ ಕಾರಣ ಆ ಶಾಸ್ತ್ರದವರಿಗೆ ಹೊಸದಲ್ಲ. ಮಾರ್ಚಿನಲ್ಲಿ ನೆಲ ಕಾಯತೊಡಗುತ್ತದೆ. ಉತ್ತರದ ಒಣ ಗಾಳಿಗೆ ಸಮುದ್ರದ ಕಡೆಯ ತೇವದ ಗಾಳಿ ಎದುರಾದಾಗ ಮೋಡ ಮೇಲೇರುತ್ತದೆ, ಸಂಜೆಗೆ ಸಿಡಿಲು ಮಳೆಯಾಗುತ್ತದೆ. ಮೋಡ ಬಹಳ ಎತ್ತರಕ್ಕೆ ಹೋದರೆ ಹನಿ ಕಲ್ಲಾಗಿ ಬೀಳುತ್ತದೆ.

ಇದು ಕೇವಲ ಅನುಕೂಲ ಅನನುಕೂಲದ ಮಾತಲ್ಲ. ಕವಿಗೆ ಮಾವಿನ ಹೂವು ಮನ್ಮಥನ ಬಾಣ. ಧಾರವಾಡದ ಸುತ್ತಿನ ಆಪೂಸ್ ಬೆಳೆಗಾರನಿಗೆ ಅದು ವರ್ಷದ ಅನ್ನ. ಫಾಲ್ಗುಣದಲ್ಲಿ ಎರಡು ದಿನ ಮೋಡ ನಿಂತರೆ ಹೂವಿಗೆ ಜಿಗಿಹುಳು, ಬೂದಿರೋಗ. ಆಣೆಕಲ್ಲು ಬಿದ್ದರೆ ಕಾಯಿಯೇ ನೆಲಕ್ಕೆ. ವಿಜಯಪುರದ ಕಡೆ ಅದೇ ಹೊತ್ತಿಗೆ ದ್ರಾಕ್ಷಿಯ ಕೊಯ್ಲು, ಒಣದ್ರಾಕ್ಷಿಯ ಕೆಲಸ. ಕಣದಲ್ಲಿ ಜೋಳದ ರಾಶಿ. 2014ರಲ್ಲಿ ಶಿವರಾತ್ರಿ, ಹೋಳಿಗಳ ನಡುವೆ ಮಹಾರಾಷ್ಟ್ರದ ಹಲವು ಜಿಲ್ಲೆಗಳಲ್ಲೂ ಉತ್ತರ ಕರ್ನಾಟಕದ ಭಾಗಗಳಲ್ಲೂ ಸುರಿದ ಆಣೆಕಲ್ಲಿನ ಮಳೆ ಗೋಧಿ, ಜೋಳ, ದ್ರಾಕ್ಷಿ, ದಾಳಿಂಬೆಗಳನ್ನು ನೆಲಸಮ ಮಾಡಿದ್ದನ್ನು ಓದುಗರು ಮರೆತಿರಲಾರರು. ಆದರೆ ಅದೇ ಹೊತ್ತಿನ ಮಳೆಗಾಗಿ ಕೊಡಗು, ಚಿಕ್ಕಮಗಳೂರುಗಳ ಕಾಫಿ ಬೆಳೆಗಾರ ಮುಗಿಲು ನೋಡುತ್ತಿರುತ್ತಾನೆ. ಅವನಿಗೆ ಅದು 'ಹೂಮಳೆ'. ಅದು ಬಿದ್ದ ಎಂಟು ಹತ್ತು ದಿನಕ್ಕೆ ಗಿಡಗಳೆಲ್ಲ ಬೆಳ್ಳಗೆ ಅರಳುತ್ತವೆ. ಒಂದೇ ನಾಡು, ಒಂದೇ ತಿಂಗಳು, ಒಂದೇ ಮೋಡ: ಒಬ್ಬನ ಹೂವು ಉದುರುತ್ತದೆ, ಇನ್ನೊಬ್ಬನ ಹೂವು ಅರಳುತ್ತದೆ. ಇಷ್ಟು ದೊಡ್ಡ ವಸ್ತು ಕಣ್ಣೆದುರಿಗೆ ಇರುವಾಗ ನಮ್ಮ ಯುಗಾದಿ ಕವಿತೆಗಳು ಮಾಮರದ ಕೊಂಬೆಯಿಂದ ಕೆಳಗಿಳಿಯುವುದೇ ಇಲ್ಲ.

ಹಾಗಾದರೆ ಕವಿಸಮಯವೇ ತಪ್ಪೆ, ಕೋಗಿಲೆಯನ್ನು ಕಾವ್ಯದಿಂದ ಓಡಿಸಬೇಕೆ ಎಂದು ಯಾರಾದರೂ ಕೇಳಬಹುದು. ಇದಕ್ಕೆ ಉತ್ತರ ಹೇಳಬೇಕಾದವನು ಪಂಪ. ಸುಮಾರು 941ರಲ್ಲಿ ರಚಿತವಾದ 'ವಿಕ್ರಮಾರ್ಜುನ ವಿಜಯ'ದ ನಾಲ್ಕನೆಯ ಆಶ್ವಾಸದಲ್ಲಿ, ಅರ್ಜುನನ ತೀರ್ಥಯಾತ್ರೆಯ ನಡುವೆ, ಬನವಾಸಿಯ ಪದ್ಯಗಳು ಬರುತ್ತವೆ. ಅಲ್ಲಿಯೂ ಮಾವು, ಮಲ್ಲಿಗೆ, ಕೋಗಿಲೆ, ದುಂಬಿ ಎಲ್ಲ ಇವೆ. ಅಲ್ಲಿ ದುಂಬಿಯಾಗಿಯೋ ಕೋಗಿಲೆಯಾಗಿಯೋ ಹುಟ್ಟಬೇಕೆಂಬ ಹಂಬಲ ಯಾರಿಗೆ ತಿಳಿಯದು? ಆದರೆ ನೆನಪಿನ ಪದ್ಯಕ್ಕೆ ಬಂದಾಗ ಪಂಪ ವರ್ಣನೆಯನ್ನು ಕೈಬಿಡುತ್ತಾನೆ. ತೆಂಕಣ ಗಾಳಿ ತಾಗಿದರೆ, ಒಳ್ಳೆಯ ಮಾತು ಕೇಳಿದರೆ, ಹಾಡು ಕಿವಿಗೆ ಬಿದ್ದರೆ, ಅರಳಿದ ಮಲ್ಲಿಗೆ ಕಂಡರೆ, ವಸಂತೋತ್ಸವ ನಡೆದರೆ ಮನಸ್ಸು ಬನವಾಸಿಗೆ ಹೋಗುತ್ತದೆ. ಅಂಕುಶವಿಟ್ಟು ತಡೆದರೂ ನಿಲ್ಲುವುದಿಲ್ಲ. ಈ ಪಟ್ಟಿಯಲ್ಲಿ ಮೊದಲು ಬರುವುದು ಗಾಳಿ. ಶ್ರೀಗಂಧವಿಲ್ಲ, ಮಲಯಪರ್ವತವಿಲ್ಲ, ವಿರಹಿಯೂ ಇಲ್ಲ. ಗಾಳಿ ಬಂದ ದಿಕ್ಕು ಒಂದು, ಅದು ತಾಗಿದ ಮೈ ಒಂದು, ಇಷ್ಟೇ. ಶಾಸ್ತ್ರ ಕೊಟ್ಟ ಮಲಯಮಾರುತ ಇಲ್ಲಿ ಒಬ್ಬ ಮನುಷ್ಯನ ಮೈಗೆ ತಾಗಿದ ಹವೆಯಾಯಿತು. ಕವಿಸಮಯ ಸಾರ್ಥಕವಾಗುವುದು ಹೀಗೆ.

ಪಂಪನೂ ನಮ್ಮಂತೆಯೇ ಹೊರನಾಡಿನಲ್ಲಿ ಬಾಳಿದವನೆಂಬುದನ್ನು ನೆನೆದರೆ ಈ ಪದ್ಯ ಇನ್ನಷ್ಟು ಹತ್ತಿರವಾಗುತ್ತದೆ. ಅವನ ಆಶ್ರಯದಾತ ಅರಿಕೇಸರಿಯ ವೇಮುಲವಾಡ ಇಂದು ತೆಲಂಗಾಣದಲ್ಲಿದೆ. ಅವನ ತಮ್ಮ ಜಿನವಲ್ಲಭ ಹಾಕಿಸಿದ ಕುರ್ಕ್ಯಾಲದ ಶಾಸನ ಕನ್ನಡ, ಸಂಸ್ಕೃತ, ತೆಲುಗು ಎಂಬ ಮೂರು ಭಾಷೆಗಳಲ್ಲಿದೆ. ತಂದೆಯ ಕಡೆಯವರು ವೆಂಗಿ ನಾಡಿನವರು, ತಾಯಿಯ ಕಡೆಯ ನಂಟು ಅಣ್ಣಿಗೇರಿಯದು. ಭೂಪಟ ತೆರೆದು ನೋಡಿದರೆ ಮತ್ತೊಂದು ಸಂಗತಿ ಕಾಣುತ್ತದೆ: ವೇಮುಲವಾಡ, ಪುಣೆ ಎರಡೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿ, ಹದಿನೆಂಟೂವರೆ ಡಿಗ್ರಿಯ ಹತ್ತಿರ ಇವೆ. ಬನವಾಸಿ ಎರಡಕ್ಕೂ ನಾಲ್ಕು ಡಿಗ್ರಿ ತೆಂಕಣಕ್ಕೆ. ಅಂದು ಪಂಪನ ಪಾಲಿಗೆ ಯಾವ ದಿಕ್ಕಿನ ಗಾಳಿ ಊರಿನ ಗಾಳಿಯಾಗಿತ್ತೋ, ಪುಣೆಯ ಕನ್ನಡಿಗರಿಗೂ ಅದೇ ದಿಕ್ಕಿನದು ಊರಿನ ಗಾಳಿ.

ಇನ್ನೊಬ್ಬರು ಬೇಂದ್ರೆಯವರು. ಮನೆಮಾತು ಮರಾಠಿ; ಹುಟ್ಟಿದ್ದು 1896ರಲ್ಲಿ ಧಾರವಾಡದಲ್ಲಿ; ಬಿ. ಎ. ಓದಿದ್ದು ನಮ್ಮ ಈ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ. ಅವರ 'ಯುಗಾದಿ' ಕವಿತೆ 1963ರ 'ಕುಲವಧು' ಚಿತ್ರದ ಮೂಲಕ ಮನೆಮನೆಗೆ ತಲುಪಿತು. ಹಬ್ಬದ ಬೆಳಗಿನಲ್ಲಿ ಅದನ್ನು ಕೇಳಿ ಕೇಳಿ ಅದೊಂದು ಸಂತೋಷದ ಹಾಡೆಂದೇ ನಾವು ತಿಳಿದಿದ್ದೇವೆ. ಸಾವಧಾನವಾಗಿ ಓದಿದರೆ ಬೇರೆಯದು ಕಾಣುತ್ತದೆ. ಮನ್ಮಥನಿಗೆ ಕಾದಿರುವ ಮಾಮರ ಅಲ್ಲಿಯೂ ಇದೆ. ಆದರೆ ಅದರ ಪಕ್ಕದಲ್ಲಿ ನಮ್ಮ ದಾರಿಬದಿಯ ಹೊಂಗೆ ಇದೆ, ಬೇವಿನ ಹೂವಿನ ಸಣ್ಣ ಕಂಪಿದೆ, ಸುಗ್ಗಿಯ ಗಿಳಿಗಳಿವೆ. ಇಷ್ಟನ್ನೂ ತೋರಿಸಿ ಕವಿ ಕೇಳುವ ಪ್ರಶ್ನೆ ಕಠಿಣವಾದದ್ದು. ಗಿಡಮರಗಳಿಗೆ ವರ್ಷಕ್ಕೊಂದು ಹೊಸ ಹುಟ್ಟು ಇರುವಾಗ ಮನುಷ್ಯನಿಗೆ ಮಾತ್ರ ಒಂದೇ ಬಾಲ್ಯ, ಒಂದೇ ಹರೆಯ ಏಕೆ? ಮರಳಿ ಬರುವ ಋತುವಿನ ಎದುರಿಗೆ ಮರಳಿ ಬಾರದ ಮನುಷ್ಯನನ್ನು ನಿಲ್ಲಿಸಿದ್ದೇ ಈ ಕವಿತೆಯ ಶಕ್ತಿ. ಊರು ಬಿಟ್ಟು ಮೂವತ್ತು ವರ್ಷವಾದವರಿಗೆ ಈ ಪ್ರಶ್ನೆಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಯುಗಾದಿ ಮರಳಿ ಬರುತ್ತದೆ; ಅಂದು ಎಣ್ಣೆ ಹಚ್ಚಿ ಎರೆದ ಅವ್ವ ಮರಳಿ ಬರುವುದಿಲ್ಲ.

ಈಗ ನಮ್ಮ ಕವಿತೆಗಳಿಗೆ ಮರಳೋಣ. ಊರಿನಿಂದ ದೂರವಾದವರ ನೆನಪು ಹವೆಯನ್ನು ಸೋಸುತ್ತದೆ. ಧೂಳು, ಆಣೆಕಲ್ಲು, ಕೆಟ್ಟ ಬೆಳೆ, ಸಾಲ ಎಲ್ಲವೂ ಜರಡಿಯಲ್ಲಿ ನಿಂತು ತಂಗಾಳಿಯೊಂದೇ ಕೆಳಗೆ ಬೀಳುತ್ತದೆ. ನಮ್ಮಲ್ಲಿ ಎಷ್ಟೋ ಕುಟುಂಬಗಳು ಊರು ಬಿಟ್ಟದ್ದು ಮಳೆ ಕೈಕೊಟ್ಟ ವರ್ಷಗಳಲ್ಲಿ. 1972ರ ಬರ ಮಹಾರಾಷ್ಟ್ರವನ್ನೂ ಉತ್ತರ ಕರ್ನಾಟಕವನ್ನೂ ಹೇಗೆ ಕಾಡಿತೆಂಬುದನ್ನು ಹಿರಿಯರು ಬಲ್ಲರು. ಹವೆಯಿಂದಾಗಿಯೇ ಊರು ಬಿಟ್ಟವರು, ಕವಿತೆ ಬರೆಯಲು ಕುಳಿತಾಗ ಆ ಹವೆಯನ್ನೇ ಮರೆತರೆ ಅದನ್ನು ಏನೆನ್ನಬೇಕು? ಮೆಚ್ಚುಗೆಯ ಮಾತುಗಳ ನಡುವೆ ಸ್ವಂತ ಬದುಕಿನ ಮುಖ್ಯ ಸಂಗತಿಯೇ ಬಿಟ್ಟುಹೋಗುತ್ತದೆ.

ಇದರ ಬೆಲೆ ತೆರುವವರು ನಮ್ಮ ಮಕ್ಕಳು. ಕೋಥರೂಡಿನಲ್ಲೋ ಚಿಂಚವಡದಲ್ಲೋ ಹುಟ್ಟಿ, ಶಾಲೆಯಲ್ಲಿ ಮರಾಠಿ, ಇಂಗ್ಲಿಷ್ ಓದಿ, ಮನೆಯಲ್ಲಿ ಮಾತ್ರ ಕನ್ನಡ ಆಡುವ ಮಗುವಿಗೆ ತಂದೆತಾಯಿಯ ಊರು ಈ ಕವಿತೆಗಳ ಮೂಲಕವೇ ಪರಿಚಯವಾಗಬೇಕು. ಕ್ಯಾಲೆಂಡರಿನ ಚಿತ್ರದಂಥ ಊರನ್ನು ಕೊಟ್ಟರೆ, ಬೇಸಿಗೆಯ ರಜೆಯಲ್ಲಿ ಅಲ್ಲಿಗೆ ಹೋದ ಮಗುವಿಗೆ ಬಿಸಿಲೂ ಧೂಳೂ ಮೋಸವೆನಿಸುತ್ತವೆ, ಮುಂದಿನ ವರ್ಷ ಅದು ಹೋಗಲು ಒಲ್ಲೆನೆನ್ನುತ್ತದೆ. ಅಡ್ಡಮಳೆ, ಆಣೆಕಲ್ಲು, ಹೂಮಳೆ, ಕೌದಿ, ಕಣ ಎಂಬ ಮಾತುಗಳೊಂದಿಗೆ ಊರನ್ನು ಕೊಟ್ಟರೆ ಮಗು ಕನ್ನಡದ ಹತ್ತು ಶಬ್ದಗಳನ್ನೂ ಕಲಿಯುತ್ತದೆ, ಊರನ್ನು ಅದು ಇರುವಂತೆಯೇ ಪ್ರೀತಿಸುವುದನ್ನೂ ಕಲಿಯುತ್ತದೆ. ಬೇವು ಬೆಲ್ಲ ಎರಡನ್ನೂ ಒಂದೇ ಬಟ್ಟಲಿನಲ್ಲಿ ಕೊಡುವ ಹಬ್ಬ ನಮ್ಮದು. ಕವಿತೆಯಲ್ಲಿ ಮಾತ್ರ ಬರಿಯ ಬೆಲ್ಲವೇಕೆ?

ಆದ್ದರಿಂದ ನಮ್ಮ ಕವಿಮಿತ್ರರಲ್ಲಿ ಒಂದು ವಿನಂತಿ. ಬರುವ ಯುಗಾದಿಗೆ ಕೋಗಿಲೆಯನ್ನು ಬರೆಯಿರಿ, ಬೇಡವೆನ್ನುವುದಿಲ್ಲ. ಅದು ಕೂಗಿದ್ದು ಯಾವ ಊರಿನ ಯಾವ ಮರದಲ್ಲಿ, ಆ ದಿನ ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು, ಆ ವರ್ಷ ಮಾವು ನಿಂತಿತೋ ಉದುರಿತೋ ಎಂಬುದನ್ನೂ ಒಂದೆರಡು ಸಾಲಿನಲ್ಲಿ ಹೇಳಿರಿ. ಅಷ್ಟಾದರೆ ಬೀದರದವರ ಕವಿತೆಯಲ್ಲಿ ಬೀದರ, ಕಾರ್ಕಳದವರ ಕವಿತೆಯಲ್ಲಿ ಕಾರ್ಕಳ ತಾನಾಗಿಯೇ ಕಾಣಿಸುತ್ತದೆ, ನಮ್ಮ ವಿಶೇಷಾಂಕಗಳಿಗೂ ಹತ್ತು ಬಗೆಯ ಹವೆ ಬರುತ್ತದೆ.