ಡ್ಯಾಶ್‌ಬೋರ್ಡಿನ ಡಮ್ಮಿ ಸ್ವಿಚ್ಚಿಗೊಂದು ಕೆಲಸ

ಟಾಪ್ ಎಂಡ್ ಬೇಡ, ನಡುವಿನ ವೇರಿಯಂಟ್ ಸಾಕು ಎಂದು ಕಾರು ಕೊಂಡವರ ಡ್ಯಾಶ್‌ಬೋರ್ಡ್ ನೋಡಿ. ಸ್ಟಿಯರಿಂಗಿನ ಬಲಗಡೆ, ಹೆಡ್‌ಲೈಟ್ ಏರಿಳಿಸುವ ಚಕ್ರದ ಆಸುಪಾಸಿನಲ್ಲಿ ಒಂದೆರಡು ಬಟನ್‌ಗಳಿರುತ್ತವೆ. ಒತ್ತಿದರೆ ಅಲುಗುವುದಿಲ್ಲ, ಹಿಂದೆ ವೈರೂ ಇಲ್ಲ. ಮೆಕ್ಯಾನಿಕ್‌ಗಳು ಅದನ್ನು ಡಮ್ಮಿ ಸ್ವಿಚ್ ಅನ್ನುತ್ತಾರೆ. ಬೆಂಗಳೂರಿನ ಕತ್ರಿಗುಪ್ಪೆಯಂಥ ಕಡೆ ಮನೆಯಿದ್ದವರು ಗೇಟಿನ ರಿಮೋಟನ್ನು ಕೂರಿಸಬೇಕಾದ ಜಾಗ ಅದೇ. ಸನ್‌ವೈಸರಿಗೆ ಸಿಕ್ಕಿಸುವುದು, ಕಪ್ ಹೋಲ್ಡರಿನಲ್ಲಿ ಚಿಲ್ಲರೆಯ ಜೊತೆ ಹಾಕಿಡುವುದು ಎರಡೂ ತಪ್ಪು. ಯಾಕೆಂದು ಮುಂದೆ ಹೇಳುತ್ತೇನೆ.

ರಿಂಗ್ ರೋಡಿನಿಂದಲೋ ಕತ್ರಿಗುಪ್ಪೆ ಮುಖ್ಯರಸ್ತೆಯಿಂದಲೋ ಕ್ರಾಸಿಗೆ ತಿರುಗಿದರೆ ಎರಡೂ ಬದಿ ನಿಂತ ಕಾರುಗಳ ನಡುವೆ ಒಂದು ಗಾಡಿಗಷ್ಟೇ ದಾರಿ. 30x40 ಸೈಟು, ಕೆಳಗೆ ಸ್ಟಿಲ್ಟ್ ಪಾರ್ಕಿಂಗ್, ಮೇಲೆ ಮನೆ. ಅಮೆರಿಕದಲ್ಲಿ ಗ್ಯಾರೇಜ್ ಬಾಗಿಲು ಮಾಡುವ ಕೆಲಸವನ್ನು ಇಲ್ಲಿ ಕಾಂಪೌಂಡ್ ಗೇಟು ಮಾಡುತ್ತದೆ. 30 ಅಡಿ ಮುಂಭಾಗವಿದ್ದರೆ 10 ಅಡಿಯ ಗೇಟು ಪಕ್ಕಕ್ಕೆ ಸರಿದು ನಿಲ್ಲಲು ಇನ್ನೊಂದು 10 ಅಡಿ ಸಿಗುತ್ತದೆ, ಸ್ಲೈಡಿಂಗ್ ಮೋಟಾರ್ ಹಾಕಬಹುದು. 20x30ರವರಿಗೆ ಆ ಅನುಕೂಲ ಕಷ್ಟ, ಅಲ್ಲಿ ಒಳಕ್ಕೆ ತೆರೆಯುವ ಎರಡು ಕದದ ಗೇಟೇ ಗತಿ. ಯಾವುದೇ ಗೇಟಾಗಲಿ, ಕೈಯಲ್ಲಿ ತೆರೆಯುವುದಾದರೆ ಮಳೆಯಲ್ಲಿ ಇಳಿಯುವವರು ಮನೆಯಾಕೆ, ಇಲ್ಲವೇ ಮಂಡಿ ನೋವಿನ ಅಮ್ಮ. ಅಷ್ಟು ಹೊತ್ತೂ ಹಿಂದೆ ಆಟೋದವರ ಹಾರ್ನ್. ರಿಮೋಟ್ ಗೇಟನ್ನು ಐಷಾರಾಮಿ ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ಒಂದು ಲೆಕ್ಕ ಹಾಕೋಣ. ಮನೆಗಳಿಗೆ ಹಾಕುವ ಸ್ಲೈಡಿಂಗ್ ಮೋಟಾರ್ ನಿಮಿಷಕ್ಕೆ ಸುಮಾರು 12 ಮೀಟರ್ ಓಡಿಸುತ್ತದೆ ಎಂದುಕೊಂಡರೆ, 10 ಅಡಿ ಸರಿಯಲು 15 ಸೆಕೆಂಡ್ ಬೇಕು. ಕ್ರಾಸಿನಲ್ಲಿ ನಮ್ಮ ವೇಗ ಗಂಟೆಗೆ 10 ಕಿಲೋಮೀಟರ್. ಆ 15 ಸೆಕೆಂಡಿನಲ್ಲಿ ಕಾರು 42 ಮೀಟರ್ ಬರುತ್ತದೆ. ಅಂದರೆ ಸುಮಾರು 40 ಮೀಟರ್ ದೂರದಿಂದ ಸಿಗ್ನಲ್ ಮುಟ್ಟಿದರೆ ಕಾರು ನಿಲ್ಲುವುದೇ ಬೇಡ. ಅದಕ್ಕಿಂತ ಹೆಚ್ಚು ದೂರ ಬೇಕಾಗಿಲ್ಲ, ಬೇಡವೂ ಹೌದು. ಬಟನ್ ಒತ್ತುವಾಗ ಗೇಟು ಕಣ್ಣಿಗೆ ಬೀಳುತ್ತಿರಬೇಕು. ಹೆಚ್ಚಿನ ಮೋಟಾರ್‌ಗಳಿಗೆ ಒಂದೇ ಬಟನ್ನು: ಒಮ್ಮೆ ಒತ್ತಿದರೆ ತೆರೆಯುತ್ತದೆ, ಮತ್ತೆ ಒತ್ತಿದರೆ ನಿಲ್ಲುತ್ತದೆ, ಮೂರನೆಯ ಸಲ ಮುಚ್ಚಿಕೊಳ್ಳುತ್ತದೆ. ಗೇಟಿನ ಹಳಿಯ ಮೇಲೆ ಪಕ್ಕದ ಮನೆಯ ಮಗು ನಿಂತಿದ್ದರೆ? ಗೇಟಿನ ಎರಡೂ ಬದಿಯ ಫೋಟೋಸೆಲ್ ಸೆನ್ಸರ್ ಹಾಕಿಸದೆ ಈ ಅಂಕಣದ ಒಂದು ಸಲಹೆಯನ್ನೂ ಪಾಲಿಸಬೇಡಿ.

ಅಮೆರಿಕದಿಂದ ಮರಳಿದವರು ಕೇಳುವುದು ಹೋಮ್‌ಲಿಂಕ್ ಕನ್ನಡಿಯನ್ನು. ಒಳಗಿನ ರಿಯರ್‌ವ್ಯೂ ಮಿರರಿನಲ್ಲೋ ಸನ್‌ವೈಸರಿನಲ್ಲೋ ಮೂರು ಪುಟ್ಟ ಬಟನ್, ಕೈಯಲ್ಲಿರುವ ರಿಮೋಟಿನ ಸಿಗ್ನಲ್ಲನ್ನು ಕಲಿತುಕೊಳ್ಳುವ ಯಂತ್ರ. ಮೊದಲು ಜಾನ್ಸನ್ ಕಂಟ್ರೋಲ್ಸ್ ಕೈಯಲ್ಲಿದ್ದ ಇದನ್ನು 2013ರಲ್ಲಿ ಕನ್ನಡಿ ತಯಾರಿಸುವ ಜೆಂಟೆಕ್ಸ್ ಕೊಂಡಿತು. ನೋಡಲು ಬಲು ಚಂದ, ಕಾರಿನ ಜೊತೆಗೇ ಹುಟ್ಟಿದ ಹಾಗಿರುತ್ತದೆ. ಆದರೆ ಅಲ್ಲಿನ ಗ್ಯಾರೇಜ್ ಬಾಗಿಲುಗಳು ಹೆಚ್ಚಾಗಿ 300, 310, 315, 390 ಮೆಗಾಹರ್ಟ್ಸ್‌ನಲ್ಲಿ ಮಾತಾಡುತ್ತವೆ. ನಮ್ಮ ಗೇಟುಗಳ ರಿಮೋಟ್ ಬಹುತೇಕ 433.92. ಫ್ರೀಕ್ವೆನ್ಸಿ ಹೊಂದಿದರೂ, ರೋಲಿಂಗ್ ಕೋಡಿನ ಮೋಟಾರ್ ಕನ್ನಡಿಗೆ ಪರಿಚಯವಿಲ್ಲದ ಕಂಪನಿಯದಾದರೆ ಅದು ಕಲಿಯುವುದಿಲ್ಲ. ದುಡ್ಡು ಸುರಿಯುವ ಮೊದಲು ಎರಡನ್ನೂ ಖಾತ್ರಿ ಮಾಡಿಕೊಳ್ಳಿ.

ರೋಲಿಂಗ್ ಕೋಡ್ ಅಂದೆನಲ್ಲ, ಇಡೀ ವಿಷಯದ ತಿರುಳು ಅಲ್ಲಿದೆ. ಅಗ್ಗದ ರಿಮೋಟ್ ಪ್ರತಿ ಸಲವೂ ಒಂದೇ ಸಂಖ್ಯೆಯನ್ನು ಕೂಗುತ್ತದೆ. ಎಸ್.ಪಿ. ರೋಡಿನಲ್ಲಿ ಸಿಗುವ ನಾಲ್ಕು ಬಟನ್ನಿನ ಕಾಪಿ ರಿಮೋಟ್ ಅದನ್ನು ಒಂದು ನಿಮಿಷದಲ್ಲಿ ಕಲಿತುಬಿಡುತ್ತದೆ. ಇನ್ನೂ ಹಳೆಯ ಕಾಲದವು 12 ಬಿಟ್ಟಿನವು, ಒಟ್ಟು 4,096 ಸಂಖ್ಯೆಗಳು. 2015ರಲ್ಲಿ ಸ್ಯಾಮಿ ಕಾಮ್ಕರ್ ಎಂಬ ಅಮೆರಿಕದ ಸಂಶೋಧಕ ಮಕ್ಕಳ ಆಟಿಕೆಯೊಂದನ್ನು ಮಾರ್ಪಡಿಸಿ, ಅಂಥ ಬಾಗಿಲನ್ನು 10 ಸೆಕೆಂಡಿನೊಳಗೆ ತೆರೆಯಬಹುದೆಂದು ತೋರಿಸಿದ. ಅವನ ಉಪಾಯ ಕನ್ನಡ ಶಾಲೆಯಲ್ಲಿ ಛಂದಸ್ಸು ಓದಿದವರಿಗೆಲ್ಲ ಗೊತ್ತಿರುವಂಥದ್ದೇ. ಯಮಾತಾರಾಜಭಾನಸಲಗಂ ಬಾಯಿಪಾಠ ಮಾಡಿದ್ದೇವಲ್ಲ! ಎಂಟು ಗಣ, ಗಣಕ್ಕೆ ಮೂರು ಅಕ್ಷರ. ಬಿಡಿಬಿಡಿಯಾಗಿ ಬರೆದರೆ 24 ಅಕ್ಷರ ಬೇಕು. ಸೂತ್ರದಲ್ಲಿರುವುದು ಹತ್ತೇ. ಯಮಾತಾ ಆದ ಮೇಲೆ ಒಂದು ಅಕ್ಷರ ಸರಿದು ಮಾತಾರಾ, ಇನ್ನೊಂದು ಸರಿದು ತಾರಾಜ. ಹಿಂದಿನ ಗಣದ ಬಾಲವೇ ಮುಂದಿನದರ ತಲೆ. ಕೆಲವು ರಿಸೀವರ್‌ಗಳು ಕೊನೆಗೆ ಬಂದ 12 ಬಿಟ್ಟುಗಳನ್ನು ಮಾತ್ರ ನೋಡುತ್ತಿರುತ್ತವೆ. ಅವುಗಳಿಗೆ 4,096 ಸಂಖ್ಯೆಗಳನ್ನೂ ಬಿಡಿಯಾಗಿ ಕಳಿಸಿದರೆ 49,152 ಬಿಟ್ಟು. ಹೀಗೆ ಹೆಣೆದು ಕಳಿಸಿದರೆ 4,107 ಸಾಕು. ಗಣಿತದಲ್ಲಿ ಇದಕ್ಕೆ ಡಿ ಬ್ರೌನ್ ಅನುಕ್ರಮ ಎಂಬ ಹೆಸರಿದೆ. ಲಘು ಗುರುಗಳ ಆ ಸೂತ್ರವೂ ಅದೇ ಜಾತಿಯದು.

ಆದ್ದರಿಂದ ನಿಮ್ಮ ರಿಮೋಟು ಅಂಗಡಿಯಲ್ಲಿ ಸಲೀಸಾಗಿ ಕಾಪಿ ಆಗುತ್ತದೆ ಅಂತಾದರೆ, ಕಾರಿಗೆ ಕೈ ಹಾಕುವ ಮೊದಲು ಗೇಟಿನ ರಿಸೀವರ್ ಬದಲಿಸಿ. ರೋಲಿಂಗ್ ಕೋಡಿನಲ್ಲಿ ಪ್ರತಿ ಒತ್ತಿಗೂ ಸಂಖ್ಯೆ ಬೇರೆ. ಹೆಸರಾದ ಕೀಲಾಕ್ ಪದ್ಧತಿ 1980ರ ದಶಕದಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿ, 1995ರಲ್ಲಿ ಮೈಕ್ರೋಚಿಪ್ ಕಂಪನಿಯ ಪಾಲಾಯಿತು. ರಿಮೋಟಿನೊಳಗೊಂದು ಕೌಂಟರ್ ಇದೆ, ಒತ್ತಿದಂತೆಲ್ಲ ಮುಂದಕ್ಕೆ ಹೋಗುತ್ತದೆ. ಆ ಕೌಂಟರ್ ರಿಸೀವರಿನ ಲೆಕ್ಕಕ್ಕಿಂತ 16 ಹೆಜ್ಜೆ ಮುಂದಿರುವವರೆಗೆ ರಿಸೀವರ್ ತಕ್ಷಣ ಒಪ್ಪುತ್ತದೆ. ಅದು ದಾಟಿದ್ದರೆ ಒಂದರ ಹಿಂದೊಂದು ಎರಡು ಸಲ ಒತ್ತಿದಾಗ ಲೆಕ್ಕ ಸರಿಮಾಡಿಕೊಂಡು ತೆರೆಯುತ್ತದೆ. ಮೊಮ್ಮಕ್ಕಳು ರಿಮೋಟ್ ಹಿಡಿದು ಆಡಿದ ಮರುದಿನ ಗೇಟು ಮೊದಲ ಒತ್ತಿಗೆ ಕೇಳದಿದ್ದರೆ ಬ್ಯಾಟರಿ ಬದಲಿಸಲು ಓಡಬೇಡಿ, ಇನ್ನೊಮ್ಮೆ ಒತ್ತಿ. ಕೀಲಾಕ್ ಕೂಡ ಅಭೇದ್ಯವಲ್ಲ, 2008ರ ಹೊತ್ತಿಗೆ ಸಂಶೋಧಕರು ಅದನ್ನೂ ಭೇದಿಸಿದ್ದರು. ಆದರೂ ಒಂದೇ ಸಂಖ್ಯೆ ಕೂಗುವ ರಿಮೋಟಿಗೂ ಇದಕ್ಕೂ ಅಜಗಜಾಂತರ.

ಇನ್ನು ಜೋಡಣೆ. ಮೋಟಾರ್ ಹಾಕಿದವರಿಂದಲೇ ಇನ್ನೊಂದು ಅಸಲಿ ರಿಮೋಟ್ ತರಿಸಿ, ರಿಸೀವರಿಗೆ ಸೇರಿಸಿ, ಆಮೇಲೆ ಬಿಚ್ಚಿ. ಒಳಗೆ ಹೆಬ್ಬೆರಳಗಲದ ಬೋರ್ಡು, ಅದರ ಮೇಲೆ ಪುಟ್ಟ ಟ್ಯಾಕ್ಟ್ ಸ್ವಿಚ್. ಆ ಸ್ವಿಚ್ಚಿನ ಎರಡು ಕಾಲಿಗೆ ಎರಡು ತೆಳು ವೈರ್ ಬೆಸುಗೆ ಹಾಕಿ ಡ್ಯಾಶ್‌ಬೋರ್ಡಿನ ಸ್ವಿಚ್ಚಿಗೆ ಒಯ್ಯಬೇಕು. ಡಮ್ಮಿಯ ಜಾಗಕ್ಕೆ ಅದೇ ಕಾರಿನ ಮೇಲಿನ ವೇರಿಯಂಟಿನ ಅಸಲಿ ಸ್ವಿಚ್ ತಂದರೆ ಅಂಚು ಗೆರೆ ಕೊರೆದಂತೆ ಕೂರುತ್ತದೆ, ಹಿಂಬೆಳಕೂ ಉಳಿದ ಸ್ವಿಚ್ಚುಗಳ ಬಣ್ಣದ್ದೇ. ಆದರೆ ಅದು ಬೆರಳು ಬಿಟ್ಟಾಗ ಮರಳುವ ಪುಶ್ ಸ್ವಿಚ್ ಆಗಿರಬೇಕು. ಒತ್ತಿದಲ್ಲೇ ಕೂತುಬಿಡುವ ಸ್ವಿಚ್ ಹಾಕಿದರೆ ರಿಮೋಟ್ ಬಟನ್ ಬಿಡದೆ ಒತ್ತಿದ ಹಾಗೇ ಇರುತ್ತದೆ.

ಕರೆಂಟು ಎಲ್ಲಿಂದ? ರಿಮೋಟಿನಲ್ಲಿರುವುದು 12 ವೋಲ್ಟಿನ ಪುಟ್ಟ ಬ್ಯಾಟರಿ, ಇಲ್ಲವೇ 3 ವೋಲ್ಟಿನ ಬಿಲ್ಲೆ. 12 ಅಂದರೆ ಕಾರಿನದೂ 12 ಅಲ್ಲವೇ ಎಂದು ನೇರ ಜೋಡಿಸುವುದು ಸಲ್ಲ. ಎಂಜಿನ್ ಓಡುವಾಗ ಅದು 14ರ ಆಚೀಚೆ ಇರುತ್ತದೆ, ಮೇಲಿಂದ ಏರಿಳಿತ ಬೇರೆ. ನಡುವೆ ಪುಟ್ಟ ಕನ್ವರ್ಟರ್, ಅದಕ್ಕೂ ಮುಂಚೆ ಫ್ಯೂಸ್ ಇರಲಿ. ಜೆ.ಸಿ. ರಸ್ತೆಯ ಒಳ್ಳೆಯ ವೈರಿಂಗ್ ಹುಡುಗರು ಇದನ್ನು ಬಲ್ಲರು. “ಕಂಪನಿ ವೈರ್ ಕಟ್ ಮಾಡೋದು ಬೇಡ ಸಾರ್, ಫ್ಯೂಸ್ ಬಾಕ್ಸಿಂದ ಎತ್ಕೊಳ್ಳೋಣ” ಎಂದು ತಾವಾಗಿ ಹೇಳುವವರ ಕೈಗೆ ಧೈರ್ಯವಾಗಿ ಕಾರು ಕೊಡಿ. ವಾರಂಟಿಯ ತಕರಾರು ಹೆಚ್ಚಾಗಿ ಬರುವುದು ವೈರ್ ಕತ್ತರಿಸಿದಾಗ.

ಯಾವ ಫ್ಯೂಸಿನಿಂದ ಎತ್ತಿಕೊಳ್ಳುತ್ತೀರಿ ಎಂಬುದು ಎಲ್ಲಕ್ಕಿಂತ ಮುಖ್ಯ. ಕಾರಿನ ಕೀ ತೆಗೆದೊಡನೆ ಸತ್ತುಹೋಗುವ ಫ್ಯೂಸೇ ಆಗಬೇಕು. ಕತ್ರಿಗುಪ್ಪೆಯಲ್ಲಿ ಎರಡನೆಯ ಕಾರು ಮಲಗುವುದು ಗೇಟಿನ ಹೊರಗೆ, ರಸ್ತೆಯ ಮೇಲೆ. ಅದರ ವೈಸರಿಗೆ ಸಿಕ್ಕಿಸಿದ ರಿಮೋಟು ಅಂದರೆ ಮನೆಯ ಬೀಗದ ಕೈಯನ್ನು ಬೀದಿಗೆ ನೇತುಹಾಕಿದ ಲೆಕ್ಕ. ಗಾಜು ಒಡೆದವನು ಗೇಟೂ ತೆರೆಯುತ್ತಾನೆ. ಕೀ ಇಲ್ಲದಾಗ ಜೀವವಿಲ್ಲದ ಬಟನ್ನಿನಿಂದ ಅವನಿಗೇನೂ ಗಿಟ್ಟದು.

ಬೋರ್ಡನ್ನು ಡ್ಯಾಶಿನ ಪ್ಲಾಸ್ಟಿಕ್ಕಿನ ಕೆಳಗೆ, ಕಬ್ಬಿಣದ ಅಡ್ಡಪಟ್ಟಿಯಿಂದ ದೂರವಿಡಿ. ಎ ಪಿಲ್ಲರಿನೊಳಗೆ ವೈರ್ ಎಳೆಯಬೇಕಾಗಿ ಬಂದರೆ ಅಲ್ಲಿ ಕರ್ಟನ್ ಏರ್‌ಬ್ಯಾಗ್ ಇದೆಯೇ ನೋಡಿ. ಹಳದಿ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿನದು, ಅದರ ಮುಂದೆ ಏನೂ ಹಾಯಬಾರದು. ರೇಂಜ್ ಕಡಿಮೆ ಅನ್ನಿಸಿದರೆ ಕಾರಿನ ಕಡೆ ಪವರ್ ಹೆಚ್ಚಿಸುವ ಯೋಚನೆ ಬೇಡ. ಗೇಟಿನ ಮೋಟಾರಿನ ಡಬ್ಬಿ ತೆರೆದು ನೋಡಿ, ರಿಸೀವರಿನ ಆಂಟೆನಾ ವೈರ್ ಒಳಗೇ ಸುರುಳಿ ಸುತ್ತಿ ಬಿದ್ದಿರುತ್ತದೆ. 433.92 ಮೆಗಾಹರ್ಟ್ಸ್‌ನ ತರಂಗ 69 ಸೆಂಟಿಮೀಟರ್ ಉದ್ದ, ಅದರ ಕಾಲು ಭಾಗ ಸುಮಾರು 17 ಸೆಂಟಿಮೀಟರ್. ಅಷ್ಟುದ್ದದ ವೈರ್ ಡಬ್ಬಿಯ ಹೊರಗೆ ನೆಟ್ಟಗೆ ನಿಂತರೆ ಆ 40 ಮೀಟರ್ ದಕ್ಕುವ ಸಂಭವ ಹೆಚ್ಚು.

ಕಾರು ಮಾರುವಾಗ ಬಟನ್ ಕಿತ್ತುಕೊಂಡರೆ ಸಾಲದು, ಆ ರಿಮೋಟನ್ನು ರಿಸೀವರಿನ ನೆನಪಿನಿಂದಲೂ ಅಳಿಸಬೇಕು. ಹಲವು ರಿಸೀವರ್‌ಗಳಲ್ಲಿ ಒಂದನ್ನೇ ಅಳಿಸಲು ಬರುವುದಿಲ್ಲ. ಎಲ್ಲ ಅಳಿಸಿ, ಮನೆಯಲ್ಲಿ ಉಳಿದ ರಿಮೋಟುಗಳನ್ನು ಮತ್ತೆ ಒಂದೊಂದಾಗಿ ಸೇರಿಸಬೇಕಾಗುತ್ತದೆ. ಆ ಅರ್ಧ ಗಂಟೆಯ ಕೆಲಸವನ್ನು ಹೊಸ ಮಾಲೀಕರಿಗೆ ಕೀ ಕೊಡುವ ಮುನ್ನವೇ ಮುಗಿಸಿ.