ಕಾರು ತಗ್ಗಿತು, ಹಿಡಿತ ಹೆಚ್ಚಿತೆ?

ಕಾರನ್ನು ತಗ್ಗಿಸಿ ಗಟ್ಟಿ ಸ್ಪ್ರಿಂಗ್ ಹಾಕಿಸಿದರೆ ರಸ್ತೆ ಹಿಡಿತ ತಾನಾಗಿ ಹೆಚ್ಚುತ್ತದೆ ಎಂಬ ನಂಬಿಕೆಗೆ ನಮ್ಮ ಗ್ಯಾರೇಜುಗಳಲ್ಲಿ ಶಾಸ್ತ್ರದ ಪಟ್ಟ ಸಿಕ್ಕಿಬಿಟ್ಟಿದೆ. ಗುರುತ್ವಕೇಂದ್ರ ಕೆಳಗಿಳಿದರೆ ಒಳ್ಳೆಯದೆಂಬುದರಲ್ಲಿ ತಕರಾರಿಲ್ಲ. ತಕರಾರು ಇರುವುದು, ಅದರ ಜೊತೆಗೆ ಇನ್ನೇನು ಇಳಿಯಿತು ಎಂದು ಯಾರೂ ಕೇಳದಿರುವುದರ ಬಗ್ಗೆ.

ನಮ್ಮ ಬಹುಪಾಲು ಸಣ್ಣ ಕಾರುಗಳ ಮುಂಭಾಗದಲ್ಲಿರುವುದು ಮ್ಯಾಕ್‌ಫರ್ಸನ್ ಸ್ಟ್ರಟ್ ಎಂಬ ಸಸ್ಪೆನ್ಷನ್. ಸ್ಪ್ರಿಂಗ್ ಗಿಡ್ಡವಾದರೆ, ಚಕ್ರವನ್ನು ಕೆಳಗಿನಿಂದ ಬಾಡಿಗೆ ಜೋಡಿಸುವ ಲೋವರ್ ಆರ್ಮ್‌ನ ಒಳತುದಿ ಬಾಡಿಯ ಜೊತೆ ಇಳಿಯುತ್ತದೆ. ಚಕ್ರದ ಕಡೆಯ ತುದಿ ಇದ್ದಲ್ಲೇ ಉಳಿಯುತ್ತದೆ. ಆರ್ಮ್ ಓರೆಯಾದಂತೆ ರೋಲ್ ಸೆಂಟರ್, ಅಂದರೆ ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಅದು, ಗುರುತ್ವಕೇಂದ್ರಕ್ಕಿಂತ ಹೆಚ್ಚು ಕೆಳಗೆ ಹೋಗುತ್ತದೆ. ಎರಡರ ನಡುವಿನ ಅಂತರ ಬೆಳೆದಷ್ಟೂ ಕಾರನ್ನು ವಾಲಿಸುವ ಬಲಕ್ಕೆ ಉದ್ದನೆಯ ಸನ್ನೆ ಸಿಕ್ಕಂತಾಗುತ್ತದೆ. ಗಟ್ಟಿ ಸ್ಪ್ರಿಂಗ್‌ನ ಶಕ್ತಿಯಲ್ಲಿ ಒಂದು ಪಾಲು ಈ ಸ್ವಯಂಕೃತ ಅಪರಾಧವನ್ನು ಮುಚ್ಚುವುದಕ್ಕೇ ಖರ್ಚಾಗುತ್ತದೆ. ತಿರುವಿನಲ್ಲಿ ಹೊರಚಕ್ರ ಒಳಕ್ಕೆ ಬಾಗಿ ಟೈರನ್ನು ನೆಲಕ್ಕೆ ಪೂರ್ತಿ ಊರುವ ಗುಣವೂ ಕುಗ್ಗುತ್ತದೆ. ಚಕ್ರ ಮೇಲೇರಲು ಉಳಿದ ಜಾಗ ಕಡಿಮೆ. ತಿರುವಿನ ನಡುವೆ ಗುಂಡಿ ಸಿಕ್ಕಿ, ಆ ಏರಿಕೆಯ ಕೊನೆಯ ತಡೆಯಾದ ಬಂಪ್ ಸ್ಟಾಪ್‌ಗೆ ಬಡಿದರೆ ಆ ಕ್ಷಣ ಸಸ್ಪೆನ್ಷನ್ ಇದ್ದೂ ಇಲ್ಲದಂತೆ. ಮುಂದಿನ ಟೈರು ಜಾರುವುದು ಆಗಲೇ.

ಈ ಭ್ರಮೆ ಬೆಳೆಸಿದ್ದರಲ್ಲಿ ಕಾರು ವಿಮರ್ಶಕರ ಪಾಲು ದೊಡ್ಡದು. ‘ಬಾಡಿ ರೋಲ್ ಇದೆ’ ಎಂದು ಬರೆದರೆ ಅವರ ತೀರ್ಪು ಮುಗಿಯಿತು. ವಾಲುವುದು ಕಣ್ಣಿಗೆ ಕಾಣುತ್ತದೆ, ಹಿಡಿತ ಕಾಣುವುದಿಲ್ಲ. ಕಂಡದ್ದಕ್ಕೆ ಅಂಕ ಕಳೆಯುವುದು ಸುಲಭ. ಆದರೆ ತಿರುವಿನಲ್ಲಿ ಹೊರಚಕ್ರಗಳಿಗೆ ವರ್ಗವಾಗುವ ಒಟ್ಟು ಭಾರವನ್ನು ಬಹುಮಟ್ಟಿಗೆ ನಿರ್ಧರಿಸುವುದು ತೂಕ, ಗುರುತ್ವಕೇಂದ್ರದ ಎತ್ತರ, ಚಕ್ರಗಳ ನಡುವಿನ ಅಗಲ, ತಿರುವಿನ ವೇಗ. ಸ್ಪ್ರಿಂಗು, ವಾಲುವುದನ್ನು ತಡೆಯುವ ಆಂಟಿ ರೋಲ್ ಬಾರುಗಳು ಆ ಭಾರವನ್ನು ಮುಂದಕ್ಕೆಷ್ಟು, ಹಿಂದಕ್ಕೆಷ್ಟು ಎಂದು ಹಂಚುತ್ತವೆ, ಅಷ್ಟೆ. ಈ ಹಂಚಿಕೆಯ ಬಗ್ಗೆ ಒಂದು ಸಾಲೂ ಬರೆಯದವರು ಕಾಲಿನ್ ಚಾಪ್‌ಮನ್ನರ ಲೋಟಸ್ ಎಲಾನ್ ಬಗ್ಗೆ ಏನು ಹೇಳಿಯಾರು? 1962ರ ಆ ಕಾರಿನ ಸ್ಪ್ರಿಂಗ್ ಮೆತ್ತಗಿತ್ತು, ತಿರುವಿನಲ್ಲಿ ಅದು ವಾಲುತ್ತಿತ್ತು. ಆದರೂ ಮೆಕ್‌ಲಾರೆನ್ ಎಫ್1 ರೂಪಿಸಿದ ಗಾರ್ಡನ್ ಮರೆಯವರೇ ಅದರ ಸ್ಟಿಯರಿಂಗ್ ಅನ್ನು ಮನಸಾರೆ ಮೆಚ್ಚಿದವರು.

ಇರುಂಗಾಟ್ಟುಕೋಟೈಯಂಥ ರೇಸ್ ಟ್ರ್ಯಾಕ್‌ನಲ್ಲಿ, ಆರ್ಮ್‌ನ ಓರೆಯನ್ನೂ ತಿದ್ದಿ, ಹೊಂದುವ ಶಾಕ್ ಅಬ್ಸಾರ್ಬರ್ ಹಾಕಿಸಿದವರಿಗೆ ಗಟ್ಟಿ ಸ್ಪ್ರಿಂಗ್‌ನಿಂದ ಲಾಭವಿದೆ, ಒಪ್ಪೋಣ. ಚಾರ್ಮಾಡಿ ಘಾಟಿಗೆ ಆ ಲೆಕ್ಕ ಹೊಂದುವುದಿಲ್ಲ. ಮೊದಲು ಒಳ್ಳೆಯ ಟೈರು, ಸೋರದ ಶಾಕ್ ಅಬ್ಸಾರ್ಬರ್, ಸವೆಯದ ಬುಷ್, ಸರಿಯಾದ ಅಲೈನ್‌ಮೆಂಟ್. ಇಷ್ಟನ್ನೂ ಬಿಟ್ಟು ಸ್ಪ್ರಿಂಗ್ ಮಾತ್ರ ಬದಲಿಸುವುದು ಟ್ಯೂನಿಂಗ್ ಅಲ್ಲ, ಅಲಂಕಾರ.