ಉಳುಮೆ ಬಿಟ್ಟರೆ ಇಂಗಾಲ ಉಳಿಯುವುದೇ?

ಹೊಲವನ್ನು ಉಳದೆ ಹಿಂದಿನ ಬೆಳೆಯ ಕೂಳೆಗಳ ನಡುವೆಯೇ ಬಿತ್ತುವ ಶೂನ್ಯ ಉಳುಮೆಗೆ ಇಂದು ದೊರೆತಿರುವ ಮನ್ನಣೆ ಅದರ ಮೂಲ ಉದ್ದೇಶವನ್ನು ಬಹಳ ಮೀರಿದೆ. 1930ರ ದಶಕದ ಧೂಳಿನ ಬಿರುಗಾಳಿಗಳು ಅಮೆರಿಕದ ಬಯಲುಗಳನ್ನು ಹಾಳುಗೆಡವಿದ ಮೇಲೆ, 1943ರಲ್ಲಿ ಎಡ್ವರ್ಡ್ ಫಾಕ್ನರ್ ಮಣ್ಣು ಮಗುಚುವ ನೇಗಿಲನ್ನು ಪ್ರಶ್ನಿಸಿದ್ದು ಫಲವತ್ತತೆಯ ದೃಷ್ಟಿಯಿಂದ; ವಾತಾವರಣದ ಇಂಗಾಲವನ್ನು ನೆಲದಲ್ಲಿ ಕೂಡಿಡಬಹುದೆಂಬ ವಾದ ಅದಕ್ಕೆ ಸೇರಿಕೊಂಡದ್ದು ಅನಂತರ. ಉಳುಮೆಯಿಂದ ಮಣ್ಣಿನ ಹರಳುಗಳು ಒಡೆದು, ಅವುಗಳೊಳಗೆ ಅಡಗಿದ್ದ ಸಾವಯವ ಪದಾರ್ಥಕ್ಕೆ ಗಾಳಿ ತಾಗಿ, ಸೂಕ್ಷ್ಮಜೀವಿಗಳು ಅದನ್ನು ಬೇಗ ಕರಗಿಸುತ್ತವೆ ಎಂಬುದು ಈ ವಾದದ ತಿರುಳು. ತಾತ್ತ್ವಿಕವಾಗಿ ಇದು ತಪ್ಪಲ್ಲ, ತೊಡಕಿರುವುದು ಅಳತೆಯಲ್ಲಿ.

ಶೂನ್ಯ ಉಳುಮೆಯಿಂದ ಇಂಗಾಲ ಹೆಚ್ಚಿತೆಂದು ಸಾರಿದ ಬಹುತೇಕ ಅಧ್ಯಯನಗಳಲ್ಲಿ ಮಾದರಿ ತೆಗೆದದ್ದು 30 ಸೆಂ.ಮೀ. ಆಳದವರೆಗೆ ಮಾತ್ರ ಎಂಬುದನ್ನು ಬೇಕರ್ ಮತ್ತು ಸಂಗಡಿಗರು 2007ರಲ್ಲಿ ಎತ್ತಿ ತೋರಿಸಿದರು. ಉಳದ ಹೊಲದಲ್ಲಿ ಬೆಳೆಯ ಉಳಿಕೆ ಮೇಲೆಯೇ ಕೂಡಿಕೊಳ್ಳುತ್ತದೆ. ಉತ್ತ ಹೊಲದಲ್ಲಿ ಅದೇ ಉಳಿಕೆ ನೇಗಿಲಿನೊಂದಿಗೆ ಕೆಳಕ್ಕಿಳಿಯುತ್ತದೆ. ಆದ್ದರಿಂದ ಮೇಲ್ಪದರವನ್ನಷ್ಟೇ ನೋಡಿದರೆ ಕಾಣುವುದು ಹಲವೆಡೆ ಗಳಿಕೆಯಲ್ಲ, ಸ್ಥಳಾಂತರ. ಇನ್ನೊಂದು ದೋಷವನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ಉತ್ತ ಸಡಿಲ ಮಣ್ಣಿನ ಸಾಂದ್ರತೆ ಘನ ಸೆಂ.ಮೀ.ಗೆ 1.2 ಗ್ರಾಂ, ಉಳದೆ ಬಿಗಿದ ಮಣ್ಣಿನದು 1.35 ಗ್ರಾಂ ಎಂದಿಟ್ಟುಕೊಂಡರೆ, ಒಂದು ಹೆಕ್ಟೇರಿನ 30 ಸೆಂ.ಮೀ. ಪದರದಲ್ಲಿ ಕ್ರಮವಾಗಿ 3,600 ಮತ್ತು 4,050 ಟನ್ ಮಣ್ಣಿರುತ್ತದೆ. ಎರಡರಲ್ಲೂ ಇಂಗಾಲ ಶೇ. 0.5ರಷ್ಟೇ ಇದ್ದರೂ, ಒಂದು ಗ್ರಾಂ ಕೂಡ ಹೊಸದಾಗಿ ಸೇರದೆಯೇ, ಉಳದ ಹೊಲದ ಲೆಕ್ಕದಲ್ಲಿ 2.25 ಟನ್ ಇಂಗಾಲ ಹೆಚ್ಚು ಕಾಣಿಸುತ್ತದೆ. ಸಮಾನ ಆಳದ ಬದಲು ಸಮಾನ ತೂಕದ ಮಣ್ಣನ್ನು ಹೋಲಿಸದ ಯಾವ ಅಂಕಿಯನ್ನೂ ನೆಚ್ಚಿಕೊಂಡು ರೈತನಿಗೆ ಇಂಗಾಲ ಕೂಡಿಟ್ಟದ್ದಕ್ಕೆ ಸಿಗುವ ಹಣದ ಆಸೆ ಹುಟ್ಟಿಸುವುದು ಅನ್ಯಾಯ.

ನೆಲದಲ್ಲಿ ಇಂಗಾಲ ಹೆಚ್ಚಬೇಕಾದರೆ ಮೊದಲು ಅದು ನೆಲಕ್ಕೆ ಮರಳಬೇಕು. ಈ ದೃಷ್ಟಿಯಿಂದ ನೇಗಿಲಿಗಿಂತ ಉಳಿಕೆಯ ಪಾತ್ರ ದೊಡ್ಡದು. ಹಾಗೆಂದು ಹೊಲದಲ್ಲಿ ಬಿಟ್ಟ ಹುಲ್ಲೆಲ್ಲ ಇಂಗಾಲದ ಠೇವಣಿಯಾಗುವುದಿಲ್ಲ. ಅದರ ಬಹುಭಾಗ ಸೂಕ್ಷ್ಮಜೀವಿಗಳ ಉಸಿರಾಗಿ ಗಾಳಿಗೆ ಮರಳುತ್ತದೆ. ಅವುಗಳ ದೇಹದಲ್ಲಿ ಸೇರಿ, ಅವು ಸತ್ತ ಮೇಲೆ ಜೇಡಿಯ ಕಣಗಳಿಗೆ ಅಂಟಿಕೊಂಡ ಅಲ್ಪಾಂಶವೇ ದೀರ್ಘಕಾಲ ನಿಲ್ಲುವುದು. ಗೋಧಿಯ ಹುಲ್ಲಿನಲ್ಲಿ 1 ಭಾಗ ಸಾರಜನಕಕ್ಕೆ ಸುಮಾರು 80 ಭಾಗ ಇಂಗಾಲವಿದ್ದರೆ, ಸ್ಥಿರಗೊಂಡ ಸಾವಯವ ಪದಾರ್ಥದಲ್ಲಿ ಅದು ಸುಮಾರು 12 ಭಾಗ ಮಾತ್ರ. ಎಂದರೆ 1 ಟನ್ ಇಂಗಾಲ ನಿಲ್ಲಲು 80 ಕೆ.ಜಿ.ಗೂ ಮಿಗಿಲಾದ ಸಾರಜನಕ ಬೇಕು. ಅದನ್ನು ಯೂರಿಯಾದಿಂದ ತುಂಬಿಸಹೊರಟರೆ ನೈಟ್ರಸ್ ಆಕ್ಸೈಡ್ ಎಂಬ ಇನ್ನೂ ಪ್ರಬಲವಾದ ಹಸಿರುಮನೆ ಅನಿಲ ಹೊಮ್ಮುವುದರಿಂದ, ದ್ವಿದಳ ಧಾನ್ಯವನ್ನು ಬೆಳೆಸರದಿಯಲ್ಲಿ ಸೇರಿಸುವುದೇ ಲೇಸು.

ಉತ್ತರ ಕರ್ನಾಟಕದ ಎರೆ ಹೊಲಗಳಲ್ಲಿ ಈ ಪ್ರಶ್ನೆ ಮತ್ತಷ್ಟು ಬಿಗಿಯಾಗುತ್ತದೆ. ಜೋಳದ ಕಣಿಕೆ ದನಗಳ ಮೇವು, ತೊಗರಿ ಮತ್ತು ಹತ್ತಿಯ ಕಟ್ಟಿಗೆ ಒಲೆಯ ಉರುವಲು. ಅವನ್ನು ಹೊಲದಲ್ಲೇ ಬಿಡಿ ಎಂದು ಹೇಳುವ ಮೊದಲು ಮೇವಿಗೂ ಉರುವಲಿಗೂ ಬದಲಿ ತೋರಿಸಬೇಕಾಗುತ್ತದೆ. ಕಣಿಕೆಯ ಇಂಗಾಲದಲ್ಲಿ ಒಂದು ಪಾಲು ಕೊಟ್ಟಿಗೆ ಗೊಬ್ಬರವಾಗಿ ಹಿಂದಿರುಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕಬ್ಬಿನ ರವದಿಯ ಸಂಗತಿ ಬೇರೆ. ಕಟಾವಾದ ಮೇಲೆ ಒಣಗಿದ ರವದಿಗೆ ಬೆಂಕಿಯಿಡುವುದು ರೂಢಿಯಾಗಿರುವಲ್ಲಿ ಅದನ್ನು ಕುಳೆ ಕಬ್ಬಿನ ಸಾಲುಗಳ ನಡುವೆ ಹೊದಿಸಿದರೆ, ಯಾರ ಮೇವನ್ನೂ ಕಸಿಯದೆ ತೇವ ಉಳಿದು, ಕಳೆ ತಗ್ಗಿ, ನೆಲಕ್ಕೆ ಸಾವಯವ ಪದಾರ್ಥವೂ ದಕ್ಕುತ್ತದೆ.

2014ರಲ್ಲಿ ಪೌಲ್ಸನ್ ಮತ್ತು ಸಂಗಡಿಗರು ಹವಾಮಾನ ಬದಲಾವಣೆಯನ್ನು ತಗ್ಗಿಸುವಲ್ಲಿ ಶೂನ್ಯ ಉಳುಮೆಯ ಸಾಮರ್ಥ್ಯ ಸೀಮಿತವೆಂದು ನಿರ್ಣಯಿಸಿದಾಗಲೂ ಪದ್ಧತಿಯನ್ನೇ ತಳ್ಳಿಹಾಕಲಿಲ್ಲ. ಮಣ್ಣಿನ ಗುಣ ಸುಧಾರಿಸುವ ಮತ್ತು ಬೇಸಾಯವನ್ನು ಹವಾಮಾನದ ಏರುಪೇರಿಗೆ ಒಗ್ಗಿಸುವ ಅದರ ಉಪಯೋಗವನ್ನು ಒಪ್ಪಿಕೊಂಡರು. ಈ ನಿಲುವು ನ್ಯಾಯವಾದುದು. ಮಳೆಹನಿಯ ಹೊಡೆತದಿಂದ ಮೇಲ್ಮಣ್ಣನ್ನು ಕಾಯುವುದು, ಡೀಸೆಲ್ ಉಳಿಸುವುದು, ಬಿತ್ತನೆಯ ಹದ ತಪ್ಪದಂತೆ ನೋಡಿಕೊಳ್ಳುವುದು ಇವೆಲ್ಲ ರೈತನಿಗೆ ಆಯಾ ಹಂಗಾಮಿನಲ್ಲೇ ಕೈಗೆ ಸಿಗುವ ಲಾಭಗಳು, ಮತ್ತು ಶೂನ್ಯ ಉಳುಮೆಯನ್ನು ಶಿಫಾರಸು ಮಾಡಲು ಅಷ್ಟು ಸಾಕು.